ಬೀಳುವ ಜಾಗ ಬಲ್ಲವರು



ಮುಂದಾಗುವುದನ್ನು ಮೊದಲೇ ತಿಳಿಯಬೇಕೆಂಬ ಹಂಬಲ ಮನುಷ್ಯನಿಗೆ ಹುಟ್ಟಿನೊಂದಿಗೇ ಬಂದುದು. ಬಿತ್ತುವ ಮೊದಲು ಮಳೆಯನ್ನು ಕುರಿತು, ಹೆಣ್ಣು ಕೊಡುವ ಮೊದಲು ಮನೆತನವನ್ನು ಕುರಿತು, ಪ್ರಯಾಣಕ್ಕೆ ಹೊರಡುವ ಮೊದಲು ದಾರಿಯನ್ನು ಕುರಿತು ವಿಚಾರಿಸುವುದು ವಿವೇಕಿಗಳ ಲಕ್ಷಣ. ಆದರೆ ವಿಚಾರಿಸುವುದು ಬೇರೆ, ಪಂಥ ಕಟ್ಟುವುದು ಬೇರೆ. ಇವೆರಡರ ನಡುವಿನ ಅಂತರವನ್ನು ಕುರಿತು ಈ ಸಲ ನಾಲ್ಕು ಮಾತು ಬರೆಯುವ ಪ್ರಸಂಗ ನಮಗೆ ಒದಗಿಬಂದಿದೆ.

ಹಿರಿಯ ಓದುಗರೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಅವರ ಮಗನ ಸಂಸಾರ ಅಮೆರಿಕೆಯಲ್ಲಿ ನೆಲೆಸಿದೆ. ಅಲ್ಲಿ ಪ್ರತಿವರ್ಷ ಮೇ ತಿಂಗಳ ಕೊನೆಯ ಭಾಗದಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಒಂದು ದೊಡ್ಡ ಕಾರು ಓಟ ನಡೆಯುತ್ತದೆ. ಆ ಓಟ ಸಮೀಪಿಸಿದಂತೆಲ್ಲ ಹದಿಮೂರು ವರ್ಷದ ಮೊಮ್ಮಗನೂ ಅವನ ಗೆಳೆಯರೂ ಒಂದು ಪಟ್ಟಿ ಮಾಡುತ್ತಾರಂತೆ. ಎಷ್ಟು ಅಪಘಾತಗಳಾಗುತ್ತವೆ, ಯಾವ ಸುತ್ತಿನಲ್ಲಿ ಆಗುತ್ತವೆ, ಹೊಸಬರಲ್ಲಿ ಯಾರು ಮೊದಲು ಗೋಡೆಗೆ ಬಡಿಯುತ್ತಾರೆ ಎಂಬುದೇ ಆ ಪಟ್ಟಿ. ಮೊಮ್ಮಗ ಫೋನಿನಲ್ಲಿ, "ಅಜ್ಜಾ, ನೀವೂ ಒಂದು ಹೆಸರು ಹೇಳ್ರಿ" ಎಂದನಂತೆ. ಹಿರಿಯರಿಗೆ ಉತ್ತರ ಹೊಳೆಯಲಿಲ್ಲ. "ಇದನ್ನು ಹುಡುಗಾಟವೆಂದು ಬಿಡಲೋ, ತಪ್ಪೆಂದು ತಿದ್ದಲೋ?" ಎಂದು ನಮ್ಮನ್ನು ಕೇಳಿದ್ದಾರೆ.

ನಾವು ಜೀವಮಾನದಲ್ಲಿ ಸ್ಟೀರಿಂಗ್ ಹಿಡಿದವರಲ್ಲ. ಆದರೂ ಅರಿಯದ ವಿಷಯಕ್ಕೆ ಅರಿತವರಂತೆ ಉತ್ತರ ಕೊಡುವುದು ಸಲ್ಲದೆಂದು ಬಗೆದು, ಆ ಓಟವನ್ನು ಕುರಿತು ತಿಳಿದವರಿಂದ ಕೇಳಿ, ಓದಿ ಮನನ ಮಾಡಿಕೊಂಡೆವು. ತಿಳಿದಷ್ಟನ್ನು ಮೊದಲು ನಿವೇದಿಸುತ್ತೇವೆ.

ಇಂಡಿಯಾನಾಪೊಲಿಸ್‌ನ ಓಟದ ಪಥ 1909ರಲ್ಲಿ ನಿರ್ಮಾಣವಾಯಿತು. ಮೊದಲು ಜಲ್ಲಿ ಹಾಗೂ ಡಾಂಬರಿನ ನೆಲವಿತ್ತು. ಅದೇ ವರ್ಷ ಆಗಸ್ಟಿನಲ್ಲಿ ನಡೆದ ಮೊದಲ ಕಾರು ಓಟಗಳಲ್ಲಿಯೇ ಆ ನೆಲ ಕಿತ್ತುಬಂದು ಪ್ರಾಣಹಾನಿಯಾಯಿತು. ಕೂಡಲೇ ಸುಮಾರು 32 ಲಕ್ಷ ಇಟ್ಟಿಗೆಗಳನ್ನು ಹಾಸಿ ಪಥವನ್ನು ಭದ್ರಪಡಿಸಿದರು. ಇಂದು ಮೇಲೆಲ್ಲ ಡಾಂಬರಿದ್ದರೂ ಗುರಿಗೆರೆಯ ಬಳಿ ಮೂರು ಅಡಿ ಅಗಲದ ಇಟ್ಟಿಗೆಯ ಪಟ್ಟಿಯನ್ನು ಸ್ಮಾರಕವೆಂಬಂತೆ ಹಾಗೆಯೇ ಉಳಿಸಿದ್ದಾರೆ. 1911ರಲ್ಲಿ ಆರಂಭವಾದ 500 ಮೈಲಿಗಳ ಮಹಾ ಓಟವನ್ನು ಮೊದಲು ಗೆದ್ದವನು ರೇ ಹರೂನ್. ಆಗ ಅವನ ಸರಾಸರಿ ವೇಗ ಗಂಟೆಗೆ ಸುಮಾರು 120 ಕಿಲೋಮೀಟರ್. ಈ ಓಟದಲ್ಲಿ ಗೆದ್ದವರು ಹಾಲು ಕುಡಿಯುವ ಸಂಪ್ರದಾಯವೊಂದಿದೆ. 1936ರಲ್ಲಿ ಮೂರನೆಯ ಸಲ ಗೆದ್ದ ಲೂಯಿ ಮೇಯರ್ ದಣಿವಾರಿಸಿಕೊಳ್ಳಲು ಮಜ್ಜಿಗೆ ಕುಡಿದುದೇ ಅದಕ್ಕೆ ಮೂಲವೆಂದು ಓದಿದಾಗ ನಮಗೆ ಆ ದೂರದ ಊರು ಸ್ವಲ್ಪ ಹತ್ತಿರವಾದಂತೆ ತೋರಿತು.

ಪಥದ ಒಂದು ಸುತ್ತು ಎರಡೂವರೆ ಮೈಲಿ, ಅಂದರೆ ಸುಮಾರು 4 ಕಿಲೋಮೀಟರ್. ಇಂತಹ 200 ಸುತ್ತು ಓಡಬೇಕು. ಸಾಲಿಗೆ ಮೂರರಂತೆ ಹನ್ನೊಂದು ಸಾಲುಗಳಲ್ಲಿ 33 ಕಾರುಗಳು ನಿಲ್ಲುತ್ತವೆ. ಓಟವೆಲ್ಲ ಅಪ್ರದಕ್ಷಿಣವಾಗಿ, ಎಡಕ್ಕೆ ತಿರುಗುತ್ತಲೇ ಸಾಗುತ್ತದೆ. ನಾಲ್ಕು ತಿರುವುಗಳು ಮಾತ್ರ ಇವೆ. ಪ್ರತಿಯೊಂದೂ ಸುಮಾರು 9 ಡಿಗ್ರಿಯಷ್ಟು ಓರೆಯಾಗಿದೆ. ಕೇಳಿದವರಿಗೆ ಇದು ಕಣದಲ್ಲಿ ಎತ್ತು ತಿರುಗಿದಷ್ಟೇ ಸರಳವೆನಿಸಬಹುದು. ಕಷ್ಟವಿರುವುದು ವೇಗದಲ್ಲಿ. 2025ರಲ್ಲಿ ಮೊದಲ ಸ್ಥಾನ ಪಡೆದ ಕಾರು ಅರ್ಹತಾ ಓಟದ ನಾಲ್ಕು ಸುತ್ತುಗಳನ್ನು ಗಂಟೆಗೆ ಸುಮಾರು 374 ಕಿಲೋಮೀಟರ್ ಸರಾಸರಿಯಲ್ಲಿ ಮುಗಿಸಿತು. ಈ ವೇಗದಲ್ಲಿ ಒಂದು ಸೆಕೆಂಡಿಗೆ ನೂರು ಮೀಟರಿಗಿಂತ ಹೆಚ್ಚು ದೂರ ಸರಿಯುತ್ತದೆ. ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಇಪ್ಪತ್ತು ಮೂವತ್ತು ಮೀಟರ್ ಹಿಂದಾಗಿರುತ್ತದೆ.

ಹಾಗಾದರೆ ಅಪಘಾತವನ್ನು ಮುಂದಾಗಿ ಹೇಳಲು ಸಾಧ್ಯವೆ? ಸಾಧ್ಯವೆಂದೂ ಅಸಾಧ್ಯವೆಂದೂ ಎರಡನ್ನೂ ಹೇಳಬೇಕಾಗುತ್ತದೆ. "ಈ ಸಲ ಅಪಘಾತವಾಗುತ್ತದೆ" ಎಂದಷ್ಟೇ ನುಡಿದವನು ಏನನ್ನೂ ನುಡಿದಂತಾಗಲಿಲ್ಲ. ಆಷಾಢದಲ್ಲಿ ಗಾಳಿ ಬೀಸುತ್ತದೆ ಎಂದವನನ್ನು ಯಾರೂ ಕಾಲಜ್ಞಾನಿಯೆನ್ನುವುದಿಲ್ಲ. "ಇಂಥವನೇ ಇಂಥ ಸುತ್ತಿನಲ್ಲಿ ಬೀಳುತ್ತಾನೆ" ಎಂದು ನುಡಿದವನದು ಬರಿಯ ಊಹೆ. ಇವೆರಡರ ನಡುವೆ ನಿಜವಾದ ತಿಳಿವಳಿಕೆಗೆ ಒಂದಿಷ್ಟು ಎಡೆಯಿದೆ. ಯಾರು ಎಂಬುದನ್ನು ಹೇಳಲಾಗದಿದ್ದರೂ ಎಲ್ಲಿ, ಯಾವಾಗ, ಏಕೆ ಎಂಬುದನ್ನು ಬಲ್ಲವರು ಬಹುಮಟ್ಟಿಗೆ ಹೇಳಬಲ್ಲರು.

ಮೊದಲನೆಯದು ಗಾಳಿ. ಈ ಕಾರುಗಳ ರೆಕ್ಕೆಗಳ ಆಕಾರವೇ ಅಂಥದು. ಅವು ಎದುರಿನ ಗಾಳಿಯ ಒತ್ತಡದಿಂದ ಕಾರನ್ನು ನೆಲಕ್ಕೆ ಅದುಮಿ ಹಿಡಿಯುತ್ತವೆ. ಮುಂದೆ ಮತ್ತೊಂದು ಕಾರಿದ್ದರೆ ಹಿಂದಿನದಕ್ಕೆ ನೇರ ದಾರಿಯಲ್ಲಿ ಗಾಳಿಯ ಅಡ್ಡಿ ಕಡಿಮೆಯಾಗಿ ವೇಗ ಹೆಚ್ಚುತ್ತದೆ. ಆದರೆ ತಿರುವಿನಲ್ಲಿ ಅದೇ ಕೆಡುಕಾಗುತ್ತದೆ. ಕದಡಿದ ಗಾಳಿಯಲ್ಲಿ ಹಿಡಿತ ಸಡಿಲಿ ಕಾರು ಹೊರಗಿನ ಗೋಡೆಯತ್ತ ಜಾರುತ್ತದೆ. ಮುಂದಿರುವವನನ್ನು ದಾಟಲು ನೆರವಾಗುವ ಸಾಮೀಪ್ಯವೇ ಬೀಳಿಸುವ ಸಾಮೀಪ್ಯವೂ ಆಗುವುದು ಇಲ್ಲಿನ ವೈಚಿತ್ರ್ಯ.

ಎರಡನೆಯದು ಟೈರು. ಅದು ಬಿಸಿಯಾದಾಗ ಮಾತ್ರ ನೆಲವನ್ನು ಹಿಡಿಯುತ್ತದೆ, ತಣ್ಣಗಿದ್ದಾಗ ಜಾರುತ್ತದೆ. ಆದ್ದರಿಂದ ತಂಪು ದಿನಗಳಲ್ಲಿ ಗಂಡಾಂತರ ಹೆಚ್ಚು. 1992ರ ಓಟದ ದಿನ ವಿಪರೀತ ಚಳಿಯಿತ್ತು. ಅರ್ಹತಾ ಓಟದಲ್ಲಿ ದಾಖಲೆ ಮಾಡಿ ಮೊದಲ ಸ್ಥಾನ ಗಳಿಸಿದ್ದ ರೊಬೆರ್ಟೊ ಗೆರೆರೊ, ಓಟ ಆರಂಭವಾಗುವ ಮೊದಲೇ, ಸಾಲುಗಟ್ಟಿ ನಿಧಾನವಾಗಿ ಸುತ್ತುವಾಗ ಜಾರಿ ಕಾರನ್ನು ಕೆಡಿಸಿಕೊಂಡರು. ಅಂದು ಒಂದರ ಮೇಲೊಂದು ಅಪಘಾತಗಳಾಗಿ 200ರಲ್ಲಿ 85 ಸುತ್ತುಗಳು ಹಳದಿ ಬಾವುಟದ ಕೆಳಗೆ, ನಿಧಾನಗತಿಯಲ್ಲಿ ಕಳೆದವು. ಕಡೆಯ ಸಾಲಿನ ಕಡೆಯ ಕಾರಿನಿಂದ ಹೊರಟ ಸ್ಕಾಟ್ ಗುಡಿಯರ್ ಎರಡನೆಯವರಾಗಿ ಬಂದರು. ಅವರಿಗೂ ಗೆದ್ದ ಆಲ್ ಅನ್ಸರ್ ಜೂನಿಯರ್‌ಗೂ ಇದ್ದ ಅಂತರ ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ. ಮೂವತ್ತಮೂರು ವರ್ಷಗಳ ತರುವಾಯ, 2025ರ ತಂಪು ದಿನದಂದು ಅದೇ ಪ್ರಸಂಗ ಮರುಕಳಿಸಿತು. ಹಿಂದಿನ ವರ್ಷವಷ್ಟೇ ಮೊದಲ ಸ್ಥಾನದಿಂದ ಹೊರಟಿದ್ದ ಸ್ಕಾಟ್ ಮೆಕ್‌ಲಾಫ್ಲಿನ್, ಟೈರು ಬಿಸಿ ಮಾಡಿಕೊಳ್ಳುವ ಪ್ರಯತ್ನದಲ್ಲಿಯೇ ಜಾರಿ ಒಳಗೋಡೆಗೆ ಬಡಿದರು. ಹಸಿರು ಬಾವುಟ ಕಾಣುವ ಭಾಗ್ಯವೂ ಅವರಿಗಿರಲಿಲ್ಲ. ಗೆರೆರೊ, ಮೆಕ್‌ಲಾಫ್ಲಿನ್ ಇಬ್ಬರೂ ಹೊಸಬರಲ್ಲವೆಂಬುದನ್ನು ಮೊಮ್ಮಗನ ಪಟ್ಟಿ ಮಾಡುವವರು ಗಮನಿಸಬೇಕು.

ಮೂರನೆಯದು ಕಾಲ. ಕಾರುಗಳು ಚದುರಿ ಓಡುವಾಗ ಅಪಾಯ ಕಡಿಮೆ; ಗುಂಪುಗೂಡಿದಾಗ ಹೆಚ್ಚು. ಮೊದಲ ಸುತ್ತಿನಲ್ಲಿ, ಹಳದಿ ಬಾವುಟದ ಅನಂತರ ಓಟ ಪುನಃ ಆರಂಭವಾಗುವಾಗ, ಕಡೆಯ ಹತ್ತಿಪ್ಪತ್ತು ಸುತ್ತುಗಳಲ್ಲಿ ಎಲ್ಲರೂ ಒಂದೇ ಕಡೆಗೆ ನುಗ್ಗುತ್ತಾರೆ. 2024ರಲ್ಲಿ ಮೊದಲ ಸುತ್ತಿನ ಮೊದಲ ತಿರುವಿನಲ್ಲಿಯೇ ಹೊಸಬನಾದ ಟಾಮ್ ಬ್ಲಾಂಕ್ವಿಸ್ಟ್ ತಿರುಗಿಬಿದ್ದು, 2022ರ ವಿಜೇತ ಮಾರ್ಕಸ್ ಎರಿಕ್ಸನ್‌ರ ಕಾರನ್ನೂ ಕೆಡಿಸಿದರು. 2023ರಲ್ಲಿ ಕಡೆಯ ಭಾಗದಲ್ಲಿ ಮೂರು ಸಲ ಕೆಂಪು ಬಾವುಟ ತೋರಿ ಓಟವನ್ನೇ ನಿಲ್ಲಿಸಬೇಕಾಯಿತು. ಆದರೆ 2021ರಲ್ಲಿ ಇಡೀ ಓಟಕ್ಕೆ ಹಳದಿ ಬಾವುಟ ಬಂದುದು ಎರಡೇ ಸಲ. ಗೆದ್ದ ಎಲಿಯೊ ಕ್ಯಾಸ್ಟ್ರೊನೆವೆಸ್‌ರ ಸರಾಸರಿ ವೇಗ ಗಂಟೆಗೆ ಸುಮಾರು 307 ಕಿಲೋಮೀಟರ್ ಆಗಿ, ಅದು ಈ ಓಟದ ದಾಖಲೆಯಾಯಿತು. ಅದೇ ಪಥ, ಅದೇ 33 ಕಾರು. ಎಣಿಕೆ ಹಾಕುವವರ ಎಣಿಕೆ ಹೀಗೆ ವರ್ಷದಿಂದ ವರ್ಷಕ್ಕೆ ತಲೆಕೆಳಗಾಗುತ್ತದೆ.

ಇನ್ನು ಹೊಸಬರ ವಿಷಯ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನೆಂಬ ಗಾದೆ ನಮ್ಮಲ್ಲಿದೆ. ಹೊಸಬನಿಗೆ ಉತ್ಸಾಹ ಹೆಚ್ಚು, ಅಳತೆ ಕಡಿಮೆ ಎಂಬುದು ಅದರ ತಾತ್ಪರ್ಯ. ಆದರೆ ಈ ಓಟದಲ್ಲಿ ಹೊಸಬನೆಂದರೆ ಎಳೆಯನೆಂದಲ್ಲ. ಬೇರೆಡೆ ಎಷ್ಟು ಕೀರ್ತಿ ಗಳಿಸಿದ್ದರೂ ಇಲ್ಲಿ ಮೊದಲ ಸಲ ಓಡುವವನು ಹೊಸಬನೇ. 1992ರಲ್ಲಿ ಫಾರ್ಮುಲಾ ಒನ್ ಜಗಜ್ಜೇತನಾಗಿದ್ದ ನೈಜೆಲ್ ಮ್ಯಾನ್ಸೆಲ್ ಮರುವರ್ಷ ಅಮೆರಿಕೆಗೆ ಬಂದು, ಫೀನಿಕ್ಸ್‌ನ ಅಂಡಾಕಾರದ ಪಥದಲ್ಲಿ ಅಭ್ಯಾಸ ಮಾಡುವಾಗ ಗೋಡೆಗೆ ಬಡಿದು ಬೆನ್ನಿಗೆ ಪೆಟ್ಟು ಮಾಡಿಕೊಂಡರು. ಅದಾಗಿ ಕೆಲವೇ ವಾರಗಳಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಮುಂದಾಳಾಗಿ ಓಡುತ್ತಿದ್ದವರು, ಕಡೆಯ ಸುತ್ತುಗಳಲ್ಲಿ ಓಟ ಪುನರಾರಂಭವಾದ ಒಂದು ಗಳಿಗೆಯಲ್ಲಿ ಹಳಬರಿಬ್ಬರಿಗೆ ದಾರಿ ಬಿಟ್ಟುಕೊಟ್ಟು ಮೂರನೆಯವರಾದರು. ಅಲ್ಲಿಗೆ ಎದೆಗುಂದಲಿಲ್ಲ, ಅದೇ ವರ್ಷದ ಸರಣಿಯ ಚಾಂಪಿಯನ್ ಆದರು. 2017ರಲ್ಲಿ ಬಂದ ಮತ್ತೊಬ್ಬ ಮಾಜಿ ಜಗಜ್ಜೇತ ಫರ್ನಾಂಡೊ ಅಲೊನ್ಸೊ 27 ಸುತ್ತು ಮುಂದಾಳಾಗಿ ಓಡಿ ಎಲ್ಲರನ್ನೂ ಬೆರಗುಗೊಳಿಸಿದರು, ಎಂಜಿನ್ ಕೈಕೊಟ್ಟಿತು. 2019ರಲ್ಲಿ, ಹೊಸತನವೆಲ್ಲ ಕಳೆದ ಮೇಲೆ ಮರಳಿ ಬಂದಾಗ, 33ರ ಪಟ್ಟಿಯಲ್ಲಿ ಸ್ಥಾನವನ್ನೇ ಪಡೆಯಲಾಗಲಿಲ್ಲ.

ಹೊಸಬರು ಗೆದ್ದುದೂ ಉಂಟು. 1966ರಲ್ಲಿ ಗ್ರಹಾಂ ಹಿಲ್ ಗೆದ್ದ ಮೇಲೆ ಮೂವತ್ತನಾಲ್ಕು ವರ್ಷ ಯಾವ ಹೊಸಬನಿಗೂ ಗೆಲವು ದೊರೆಯಲಿಲ್ಲ. 2000ದಲ್ಲಿ ಹ್ವಾನ್ ಪಾಬ್ಲೊ ಮೊಂಟೊಯಾ 167 ಸುತ್ತು ಮುಂದಿದ್ದು ಗೆದ್ದರು. ಮರುವರ್ಷವೇ ಕ್ಯಾಸ್ಟ್ರೊನೆವೆಸ್ ಗೆದ್ದರು. ಇಬ್ಬರೂ ಬಲವಾದ ತಂಡಗಳ ಆಸರೆಯಿದ್ದವರು, ಬೇರೆ ಓಟಗಳಲ್ಲಿ ಆಗಲೇ ಪಳಗಿದವರು. ನೂರನೆಯ ಓಟವಾದ 2016ರಲ್ಲಿ ಗೆದ್ದ ಅಲೆಗ್ಸಾಂಡರ್ ರಾಸಿಯದು ಬೇರೆ ಬಗೆ. ಅವರು ವೇಗದಿಂದ ಗೆಲ್ಲಲಿಲ್ಲ, ಮಿತವ್ಯಯದಿಂದ ಗೆದ್ದರು. ಮಿಕ್ಕವರು ಇಂಧನಕ್ಕಾಗಿ ನಿಂತರೆ, ಇವರು ಉಳಿದುದನ್ನೇ ಹನಿಹನಿಯಾಗಿ ಬಳಸಿ, ಕಡೆಯ ಸುತ್ತಿನಲ್ಲಿ ಬರಿದಾದ ಟ್ಯಾಂಕಿನೊಂದಿಗೆ ತೇಲುತ್ತ ಗುರಿಗೆರೆ ದಾಟಿದರು. ಹೊಸಬನೊಬ್ಬ ತಂಡದ ಹಿರಿಯರ ಮಾತಿನಂತೆ ಕಾಲನ್ನು ಹಿಡಿತದಲ್ಲಿಟ್ಟುಕೊಂಡು ಗೆದ್ದ ಈ ಪ್ರಸಂಗವನ್ನು ಮನೆಮನೆಯ ಮಕ್ಕಳಿಗೆ ಹೇಳಬೇಕೆನಿಸುತ್ತದೆ.

ಇದರ ಪಕ್ಕದಲ್ಲಿ 2011ರ ಪ್ರಸಂಗವನ್ನು ಇಡಬೇಕು. ಹೊಸಬ ಜೆ. ಆರ್. ಹಿಲ್ಡೆಬ್ರಾಂಡ್ ಕಡೆಯ ಸುತ್ತಿನ ಕಡೆಯ ತಿರುವಿಗೆ ಬಂದಾಗ ಎಲ್ಲರಿಗಿಂತ ಮುಂದಿದ್ದರು. ನಿಧಾನವಾಗಿದ್ದ ಕಾರೊಂದನ್ನು ಹೊರಬದಿಯಿಂದ ದಾಟಲೆಳಸಿದಾಗ ಟೈರಿನ ಪುಡಿ ಬಿದ್ದ ಜಾಗಕ್ಕೆ ಸರಿದು ಗೋಡೆಗೆ ಬಡಿದರು. ಮುರಿದ ಕಾರು ಗೋಡೆಗುಂಟ ಜಾರುತ್ತ ಗುರಿಗೆರೆಯತ್ತ ಸಾಗುತ್ತಿರುವಾಗಲೇ ಡ್ಯಾನ್ ವೆಲ್ಡನ್ ಅವರನ್ನು ದಾಟಿ ಗೆದ್ದರು. 800 ಕಿಲೋಮೀಟರಿನ ಓಟದಲ್ಲಿ ವೆಲ್ಡನ್ ಮುಂದಾಳಾಗಿದ್ದುದು ಕಡೆಯ ಕೆಲವು ನೂರು ಮೀಟರ್ ಮಾತ್ರ. 2025ರಲ್ಲಿ ರಾಬರ್ಟ್ ಶ್ವಾರ್ಟ್ಸ್‌ಮನ್ ಎಂಬ ಹೊಸಬರು, ಅಂಡಾಕಾರದ ಪಥದಲ್ಲಿ ಹಿಂದೆ ಒಂದೂ ಓಟ ಓಡದವರು, ಮೊದಲ ಸ್ಥಾನ ಗಳಿಸಿದರು. 1983ರ ಅನಂತರ ಹೊಸಬರಿಗೆ ಅದು ದಕ್ಕಿದ್ದು ಅದೇ ಮೊದಲು. ಆದರೆ ಓಟದ ದಿನ ಪಿಟ್ಟಿನಲ್ಲಿ ನಿಲ್ಲಿಸುವಾಗ ಅವರ ಕಾರು ಜಾರಿ ತಮ್ಮ ತಂಡದವರಿಗೇ ಬಡಿಯಿತು. ಓಟ ಅಲ್ಲಿಗೇ ಮುಗಿಯಿತು. ಯಾವ ಪಟ್ಟಿ ಮಾಡುವವನು ಇದನ್ನೆಲ್ಲ ಮುಂಚೆ ಬರೆದಿಟ್ಟಿದ್ದನು?

ಈಗ ನಮ್ಮ ಬಾಲ್ಯದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ನಾವು ಪಾಠಶಾಲೆಯಲ್ಲಿದ್ದಾಗ ಹೊಸದಾಗಿ ಸೇರಿದ ಹುಡುಗರು ಮೊದಲ ಸಲ ಸಭೆಯಲ್ಲಿ ನಿಂತು ಪಾಠ ಒಪ್ಪಿಸುವ ದಿನವೊಂದಿತ್ತು. ಯಾರು, ಎಲ್ಲಿ ತಡವರಿಸುತ್ತಾರೆಂದು ಹಳಬರಾದ ನಾವು ಬೆಲ್ಲದ ತುಂಡಿಗೆ ಪಂಥ ಕಟ್ಟುತ್ತಿದ್ದೆವು. ಒಮ್ಮೆ ನಾವು ಹೇಳಿದ ಹುಡುಗನೇ, ಹೇಳಿದ ಸಾಲಿನಲ್ಲಿಯೇ ತಡವರಿಸಿ ಅತ್ತುಬಿಟ್ಟನು. ನಾವು ಗೆದ್ದ ಬೆಲ್ಲ ಬಾಯಲ್ಲಿರುವಾಗಲೇ ಗುರುಗಳಿಗೆ ಸುದ್ದಿ ಮುಟ್ಟಿತು. ಅವರು ಗದರಲಿಲ್ಲ. "ಅವನು ಎಲ್ಲಿ ಬೀಳುತ್ತಾನೆಂದು ನಿನಗೆ ನಿನ್ನೆಯೇ ಗೊತ್ತಿತ್ತೇನಪ್ಪ? ಹಾಗಾದರೆ ನಿನ್ನೆ ರಾತ್ರಿಯೇ ಅವನಿಗೆ ಯಾಕೆ ಹೇಳಲಿಲ್ಲ?" ಎಂದಷ್ಟೇ ಕೇಳಿದರು. ಐವತ್ತು ವರ್ಷಗಳಾದರೂ ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ.

ಈ ಕಾರು ಓಟದ ಇತಿಹಾಸ ಓದುವಾಗ ಗುರುಗಳ ಪ್ರಶ್ನೆಯೇ ನಮ್ಮ ಕಿವಿಯಲ್ಲಿ ಮೊಳಗುತ್ತಿತ್ತು. 2011ರ ಅಕ್ಟೋಬರ್ 16ರಂದು ಲಾಸ್ ವೇಗಸ್‌ನಲ್ಲಿ ಆ ವರ್ಷದ ಕಡೆಯ ಓಟ. ಪಥ ಇಂಡಿಯಾನಾಪೊಲಿಸ್‌ಗಿಂತ ಬಹಳ ಚಿಕ್ಕದು, ಒಂದೂವರೆ ಮೈಲಿಯದು. ತಿರುವುಗಳು ಕಡಿದಾದ ಓರೆಯವು. ವೇಗ ತಗ್ಗಿಸಬೇಕಾದ ಅಗತ್ಯವೇ ಇಲ್ಲದ್ದರಿಂದ ಯಾರೂ ಯಾರನ್ನೂ ಬಿಟ್ಟು ಮುಂದೆ ಹೋಗಲಾಗದೆ ಎಲ್ಲರೂ ಒಂದೇ ಗುಂಪಾಗಿ ಓಡಬೇಕಾಗುತ್ತಿತ್ತು. ಅಂಥಲ್ಲಿ 34 ಕಾರುಗಳನ್ನು ಬಿಟ್ಟರು. ಓಟಕ್ಕೆ ಮುನ್ನವೇ ಹಲವು ಚಾಲಕರು ಆತಂಕ ತೋಡಿಕೊಂಡಿದ್ದರು. ಕಡೆಯ ಸ್ಥಾನದಿಂದ ಹೊರಟು ಗೆದ್ದರೆ 50 ಲಕ್ಷ ಡಾಲರ್ ಬಹುಮಾನವೆಂದು ಒಬ್ಬರಿಗೆ ಪಂಥವೊಡ್ಡಲಾಗಿತ್ತು. ಗೆದ್ದರೆ ಅದರಲ್ಲಿ ಅಭಿಮಾನಿಯೊಬ್ಬರಿಗೂ ಪಾಲು. ಹನ್ನೊಂದನೆಯ ಸುತ್ತಿನಲ್ಲಿ 15 ಕಾರುಗಳು ಒಂದಕ್ಕೊಂದು ಬಡಿದವು. ಕಡೆಯಿಂದ ಹೊರಟ ಆ ಚಾಲಕ, ಐದೇ ತಿಂಗಳ ಹಿಂದೆ ಇಂಡಿಯಾನಾಪೊಲಿಸ್‌ನಲ್ಲಿ ಹಾಲು ಕುಡಿದಿದ್ದ ಡ್ಯಾನ್ ವೆಲ್ಡನ್, ತಡೆಬೇಲಿಗೆ ಬಡಿದು ಮರಣ ಹೊಂದಿದರು. ವಯಸ್ಸು 33, ಮನೆಯಲ್ಲಿ ಎರಡು ಎಳೆಯ ಮಕ್ಕಳು. ಓಟವನ್ನು ರದ್ದುಮಾಡಿ, ಉಳಿದ ಚಾಲಕರು ಗೌರವಾರ್ಥವಾಗಿ ಐದು ಸುತ್ತು ನಿಧಾನವಾಗಿ ಸುತ್ತಿದರು.

ಇಲ್ಲಿ ಭವಿಷ್ಯ ಸುಳ್ಳಾಗಲಿಲ್ಲ, ನಿಜವಾಯಿತು. ಯಾರು ಎಂಬುದು ತಿಳಿದಿರಲಿಲ್ಲ. ಎಲ್ಲಿ, ಏಕೆ ಎಂಬುದು ತಿಳಿದಿತ್ತು. ಆದರೆ ಆ ತಿಳಿವು ಓಟವನ್ನು ತಡೆಯುವ ಕಿವಿಯನ್ನು ಮುಟ್ಟಲಿಲ್ಲ. ನಿಜವಾದ ಭವಿಷ್ಯಕ್ಕಿಂತ ದುಃಖಕರವಾದುದು ಮತ್ತೊಂದಿಲ್ಲವೆಂದು ನಮಗನಿಸಿದ್ದು ಆಗ.

ಆದರೆ ಆ ಜನರ ಇನ್ನೊಂದು ಗುಣವನ್ನು ಹೇಳದಿದ್ದರೆ ಅನ್ಯಾಯವಾದೀತು. ಬಿದ್ದ ಜಾಗವನ್ನು ಗುರುತಿಟ್ಟುಕೊಂಡು ಅದನ್ನು ತಿದ್ದುವ ಪರಿಪಾಠವೂ ಅವರಲ್ಲಿದೆ. 1964ರ ಓಟದ ಎರಡನೆಯ ಸುತ್ತಿನಲ್ಲಿ ಹೊಸಬ ಡೇವ್ ಮೆಕ್‌ಡೊನಾಲ್ಡ್ ಹಾಗೂ ಹಳಬ ಎಡ್ಡಿ ಸ್ಯಾಕ್ಸ್ ಪೆಟ್ರೋಲಿನ ಬೆಂಕಿಯಲ್ಲಿ ಬಲಿಯಾದರು. ಆ ಬಳಿಕ ಪೆಟ್ರೋಲನ್ನು ಬಿಟ್ಟು ಮೆಥನಾಲಿನ ಕಡೆಗೆ ಹೊರಳಿದರು. ಡೀನ್ ಸಿಕಿಂಗ್ ಎಂಬ ಎಂಜಿನಿಯರರ ನೇತೃತ್ವದಲ್ಲಿ ನೆಬ್ರಾಸ್ಕ ವಿಶ್ವವಿದ್ಯಾಲಯದವರು ಉಕ್ಕಿನ ಕೊಳವೆಗಳ ಹಿಂದೆ ನೊರೆಯಂಥ ಮೃದು ದಿಂಡುಗಳನ್ನಿಟ್ಟು ಪೆಟ್ಟನ್ನು ನುಂಗುವ ಗೋಡೆಯನ್ನು ರೂಪಿಸಿದರು. 2002ರಲ್ಲಿ ಅದು ಮೊದಲು ಬಂದುದು ಇಂಡಿಯಾನಾಪೊಲಿಸ್‌ಗೆ. ಕತ್ತು ಮುರಿಯದಂತೆ ತಲೆಯನ್ನು ಹಿಡಿದಿಡುವ ಪಟ್ಟಿ ಬಂದಿತು. 2020ರಿಂದ ಚಾಲಕನ ಮುಂದೆ ಗಟ್ಟಿಯಾದ ಪಾರದರ್ಶಕ ತೆರೆ ಬಂದಿತು. ವೆಲ್ಡನ್ ತಾವೇ ಪರೀಕ್ಷಿಸಿ ಓಡಿಸಿದ್ದ ಹೊಸ ಕಾರು 2012ರಲ್ಲಿ ಬಳಕೆಗೆ ಬಂದಾಗ ಅದಕ್ಕೆ ಅವರ ಹೆಸರಿನ ಮೊದಲಕ್ಷರಗಳನ್ನೇ ಇಟ್ಟರು.

ಹೊಸಬರ ವಿಷಯದಲ್ಲಿಯೂ ಹಾಗೆಯೇ. ಅವರನ್ನು ಏಕಾಏಕಿ ಪಥಕ್ಕೆ ಬಿಡುವುದಿಲ್ಲ. ಮೂರು ಹಂತಗಳ ಪರೀಕ್ಷೆಯಿದೆ. ಗಂಟೆಗೆ ಸುಮಾರು 330 ಕಿಲೋಮೀಟರ್ ವೇಗದಿಂದ ಆರಂಭಿಸಿ ಗೊತ್ತಾದಷ್ಟು ಸುತ್ತು ಸ್ಥಿರವಾಗಿ ಓಡಿ ತೋರಿಸಿದ ಮೇಲೆ ಮುಂದಿನ ಮೆಟ್ಟಿಲು. ಬಲ್ಲವರು ನಿಂತು ನೋಡುತ್ತಾರೆ. ಓಟದ ದಿನ ಎತ್ತರದಲ್ಲಿ ನಿಂತ 'ಸ್ಪಾಟರ್' ಎಂಬ ಸಹಾಯಕನು, ಚಾಲಕನಿಗೆ ಕಾಣದ ಬದಿಯನ್ನು ನೋಡುತ್ತ, "ಹೊರಗೆ ಕಾರಿದೆ, ಒಳಗೆ ಬಿಡುವಿದೆ" ಎಂದು ಕಿವಿಯಲ್ಲಿ ನುಡಿಯುತ್ತಲೇ ಇರುತ್ತಾನೆ. ನಮ್ಮ ಗುರುಗಳು ಕೇಳಿದ ಪ್ರಶ್ನೆಗೆ ಆ ಸ್ಪಾಟರನೇ ಉತ್ತರವೆಂದು ನಮಗೆ ತೋರುತ್ತದೆ. ಅವನಿಗೂ ಬೀಳುವ ಜಾಗ ಗೊತ್ತು. ಆದರೆ ಅವನು ಪಟ್ಟಿ ಬರೆಯುವುದಿಲ್ಲ, ಕೂಗಿ ಹೇಳುತ್ತಾನೆ.

ಆದ್ದರಿಂದ ಹಿರಿಯರಿಗೆ ನಮ್ಮ ಬಿನ್ನಹವಿಷ್ಟು. ಮೊಮ್ಮಗನನ್ನು ಗದರಬೇಡಿ. ಓಟ ನೋಡುವುದು ತಪ್ಪಲ್ಲ. ಮುಂದಾಲೋಚನೆಯಂತೂ ತಪ್ಪಲ್ಲವೇ ಅಲ್ಲ. ಪಟ್ಟಿಯ ಪ್ರಶ್ನೆಗಳನ್ನಷ್ಟೇ ಬದಲಿಸಿಕೊಡಿ. "ಯಾರು ಬೀಳುತ್ತಾರೆ?" ಎಂಬುದರ ಬದಲು, "ಅಂದು ಬಿಸಿಲಿದೆಯೋ ತಂಪಿದೆಯೋ? ಗಾಳಿ ಯಾವ ತಿರುವಿಗೆ ಬೀಸುತ್ತದೆ? ಓಟ ಪುನರಾರಂಭವಾದಾಗ ಹೊಸಬ ಎಷ್ಟು ತಾಳ್ಮೆ ತೋರುತ್ತಾನೆ? ಎಷ್ಟು ಮಂದಿ ಹೊಸಬರು 200 ಸುತ್ತು ಮುಗಿಸುತ್ತಾರೆ?" ಎಂದು ಬರೆಯಲಿ. ಆಗ ಅವನ ಊಹೆ ಸುಳ್ಳಾದರೂ ತಿಳಿವಳಿಕೆ ಉಳಿಯುತ್ತದೆ. ನಿಜವಾದರೆ ಯಾರ ಮನೆಯ ದೀಪವೂ ಆರುವುದಿಲ್ಲ.

ನಮ್ಮದೂ ಒಂದು ಭವಿಷ್ಯವನ್ನು ಆ ಹುಡುಗ ಕೇಳಿದರೆ ಹೀಗೆ ಹೇಳಿರಿ. ಮುಂದಿನ ಓಟದ ದಿನ ತಂಪಾಗಿದ್ದರೆ ಮೊದಲ ಸುತ್ತುಗಳಲ್ಲಿ ಟೈರು ಜಾರುವ ಭಯ ಹೆಚ್ಚು. ಕಡೆಯ ಇಪ್ಪತ್ತು ಸುತ್ತುಗಳಲ್ಲಿ ಹಳದಿ ಬಾವುಟ ಬಂದರೆ, ಮತ್ತೆ ಓಟ ಶುರುವಾಗುವ ಗಳಿಗೆ ಎಲ್ಲಕ್ಕಿಂತ ಕಷ್ಟದ್ದು. ಹೊಸಬರಲ್ಲಿ ಬಲವಾದ ತಂಡದಲ್ಲಿದ್ದು ಹಿರಿಯರ ಮಾತು ಕೇಳುವವನು ಓಟ ಮುಗಿಸಿಯಾನು; ಹೆಸರು ನಮಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಹೊರಟ ಮೂವತ್ತಮೂರು ಮಂದಿಯೂ ಸಂಜೆಗೆ ತಮ್ಮ ತಮ್ಮ ಮನೆಯ ಬಾಗಿಲು ಸೇರಲಿ ಎಂಬುದು ನಮ್ಮ ಹಾರೈಕೆ. ಅದನ್ನು ಅವನ ಪಟ್ಟಿಯ ಮೊದಲ ಸಾಲಾಗಿ ಬರೆಯಲು ಹೇಳಿರಿ.